ಮೊದಲ ತಿಂಗಳಲ್ಲೇ ಕಾರುಗಳಿಗೆ ಕೈ ಹಾಕಿದ ಮೇಯರ್: ಪೊಂಟೆವೆದ್ರದ ಒಂದು ಪ್ರಕರಣ

ಸ್ಪೇನಿನ ವಾಯವ್ಯ ಮೂಲೆಯಲ್ಲಿ ಗಲಿಸಿಯಾ ಎಂಬ ಪ್ರಾಂತ್ಯವಿದೆ. ಅಲ್ಲಿನ ಪೊಂಟೆವೆದ್ರ ಸುಮಾರು 83,000 ಜನರ ಊರು. 1999ರಲ್ಲಿ ಅಲ್ಲಿ ಒಬ್ಬರು ಮೇಯರ್ ಆದರು. 2023ರ ಚುನಾವಣೆ ಮುಗಿದ ಮೇಲೂ ಅದೇ ಕುರ್ಚಿಯಲ್ಲಿ ಅವರೇ ಕೂತರು. ಒಟ್ಟು ಏಳು ಅವಧಿ.

ಯುರೋಪಿನಲ್ಲಿ ಇಷ್ಟು ವರ್ಷ ಮೇಯರ್ ಆಗಿದ್ದವರು ಇನ್ನೂ ಇದ್ದಾರೆ. ಅವರಲ್ಲಿ ಹಲವರು ಉಳಿದುಕೊಂಡದ್ದು ಯಾರನ್ನೂ ಎದುರು ಹಾಕಿಕೊಳ್ಳದೆ. ಇವರ ದಾರಿ ಬೇರೆ. ಅಧಿಕಾರಕ್ಕೆ ಬಂದ ಮೊದಲ ತಿಂಗಳಲ್ಲೇ ಊರಿನ ಕಾರುಗಳಿಗೆ ಕೈ ಹಾಕಿದರು, ಹಳೇ ಊರಿನ ಬೀದಿಗಳನ್ನು ನಡೆಯುವವರಿಗೆ ಬಿಟ್ಟುಕೊಟ್ಟರು. ಹೊಸ ಮೇಯರ್ ಮುಟ್ಟಲು ಹೆದರುವ ವಿಷಯ ಅದು, ಅಲ್ವಾ? ಆಮೇಲೂ ಗೆದ್ದರು. ಅದಕ್ಕೇ ಈ ಪ್ರಕರಣ ಆರಿಸಿಕೊಂಡೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಯಾವ ವ್ಯಕ್ತಿಯ ಹೆಸರೂ ಬರುವುದಿಲ್ಲ. ಮೇಯರ್, ಜೊತೆಗಾರರು, ಅಂಗಡಿಯವರು, ವಿರೋಧಿಗಳು ಎಲ್ಲರೂ ಅವರವರ ಪಾತ್ರದಿಂದಷ್ಟೇ ಕಾಣಿಸಿಕೊಳ್ಳುತ್ತಾರೆ. ಊರಿನ ಹೆಸರು ಮಾತ್ರ ಇಟ್ಟುಕೊಂಡಿದ್ದೇನೆ, ಅದನ್ನು ತೆಗೆದರೆ ಲೆಕ್ಕಗಳಿಗೆ ನೆಲೆಯೇ ಇರುವುದಿಲ್ಲ. ಒಬ್ಬ ನಾಯಕರನ್ನು ಹೊಗಳುವುದಕ್ಕಿಂತ, ಯಾವ ತೀರ್ಮಾನ ಯಾವ ಹೊತ್ತಿನಲ್ಲಿ ಆಯಿತು ಎಂದು ನೋಡುವುದು ನಮ್ಮಂಥವರಿಗೆ ಜಾಸ್ತಿ ಉಪಯೋಗ.

ಹನ್ನೆರಡು ವರ್ಷ ವಿರೋಧ ಪಕ್ಷದ ಬೆಂಚು

ಪೊಂಟೆವೆದ್ರ ಹಳೆಯ ಊರು. ಲೆರೆಸ್ ನದಿ ಸಮುದ್ರದ ಹಿನ್ನೀರಿಗೆ ಸೇರುವ ಜಾಗದಲ್ಲಿದೆ. ಊರಿನ ನಡುವೆ ಮಧ್ಯಯುಗದ ಕಲ್ಲಿನ ಬೀದಿಗಳು, ಸಣ್ಣ ಸಣ್ಣ ಚೌಕಗಳು, ಮಳೆಗೆ ನಿಲ್ಲಲು ಕಂಬಸಾಲಿನ ಪಡಸಾಲೆಗಳು. ಮಳೆ ತುಂಬಾ ಬೀಳುವ ಸೀಮೆ ಅದು. ಪೋರ್ಚುಗಲ್ ಕಡೆಯಿಂದ ಸಾಂತಿಯಾಗೊ ಎಂಬ ಕ್ರೈಸ್ತ ಪುಣ್ಯಕ್ಷೇತ್ರಕ್ಕೆ ನಡೆದು ಹೋಗುವ ಯಾತ್ರಿಕರು ಇದೇ ಊರನ್ನು ದಾಟುತ್ತಾರೆ. ಯಾತ್ರಿಕರ ತಾಯಿ ಎನಿಸಿದ ಮೇರಿಗೆ ಕಟ್ಟಿದ ಚರ್ಚ್ ಊರಿನ ನಡುಮಧ್ಯೆ ಇದೆ. ಅದರ ತಳವಿನ್ಯಾಸ ಕಪ್ಪೆಚಿಪ್ಪಿನ ಆಕಾರದ್ದು.

ಅಂದರೆ ನಡೆಯುವವರಿಗಾಗಿಯೇ ಹುಟ್ಟಿದ ಊರು. ಆದರೆ 1990ರ ದಶಕದ ಹೊತ್ತಿಗೆ ಅಲ್ಲಿ ನಡೆಯುವುದೇ ಕಷ್ಟವಾಗಿತ್ತು. ಹಳೇ ಊರಿನ ಒಂದೇ ಒಂದು ಬೀದಿಯಲ್ಲಿ ದಿನಕ್ಕೆ 14,000 ಕಾರು ಓಡುತ್ತಿದ್ದವು ಎಂದು ಮೇಯರ್ ಆಮೇಲೆ ಹೇಳಿದ್ದಾರೆ. ಊರಿನಲ್ಲಿರುವ ಜನರಿಗಿಂತ ಊರು ದಾಟುವ ಕಾರು ಜಾಸ್ತಿ. ಚೌಕಗಳು ಪಾರ್ಕಿಂಗ್ ಜಾಗಗಳಾಗಿದ್ದವು. ಆ ಕರಾವಳಿ ಆಗ ಮಾದಕ ವಸ್ತು ಸಾಗಣೆಗೆ ಹೆಸರಾಗಿತ್ತು. ಅದರ ಬಿಸಿ ಹಳೇ ಊರಿನ ಓಣಿಗಳಿಗೂ ತಟ್ಟಿತ್ತು. ಅನುಕೂಲ ಇದ್ದವರು ಮನೆ ಬಿಟ್ಟು ಬೇರೆ ಕಡೆ ಹೋದರು. ಉಳಿದವರು ವಯಸ್ಸಾದವರು, ಬಡವರು.

ರಾಜಕೀಯವಾಗಿ ಅದು ಬಲಪಂಥೀಯರ ಭದ್ರ ಕೋಟೆ. ದೇಶದ ಪ್ರಧಾನಿಯಾದ ಒಬ್ಬ ಬಲಪಂಥೀಯ ನಾಯಕರು ಬೆಳೆದದ್ದು ಇದೇ ಊರಿನಲ್ಲಿ. ನಮ್ಮ ಪ್ರಕರಣದ ಮೇಯರ್ ಮಾತ್ರ ಗಲಿಸಿಯಾದ ಎಡಪಂಥೀಯ ಪ್ರಾದೇಶಿಕ ಪಕ್ಷದವರು. ವೃತ್ತಿಯಿಂದ ಡಾಕ್ಟರ್. ಮೇಯರ್ ಆಗುವ ಮುಂಚೆ ಹನ್ನೆರಡು ವರ್ಷ ವಿರೋಧ ಪಕ್ಷದಲ್ಲೇ ಕೂತಿದ್ದರು.

ಈ ಹನ್ನೆರಡು ವರ್ಷವನ್ನು ಓದುಗರು ಬೇಗ ದಾಟಿ ಹೋಗಬಾರದು. ವಿರೋಧ ಪಕ್ಷದಲ್ಲಿ ಕೂತವರು ಸಾಮಾನ್ಯವಾಗಿ ಆಡಳಿತದ ತಪ್ಪು ಎಣಿಸುತ್ತಾ ಕಾಲ ಕಳೆಯುತ್ತಾರೆ. ಇವರ ಗುಂಪು ಆ ಹೊತ್ತಿನಲ್ಲಿ ಅಧಿಕಾರ ಸಿಕ್ಕರೆ ಏನು ಮಾಡಬೇಕು ಎಂದು ಕೂತು ಯೋಚಿಸಿತ್ತು. ಮುಂದೆ ರಸ್ತೆ, ಕಾಮಗಾರಿಗಳ ಹೊಣೆ ಹೊತ್ತ ಜೊತೆಗಾರರೂ ಅದೇ ಬಳಗದವರು. ಒಂದೇ ತಿಂಗಳಲ್ಲಿ ಕೆಲಸ ಆಯಿತು ಎಂದು ನಾವು ಬೆರಗಾಗುತ್ತೇವೆ. ಆದರೆ ಅದರ ಹಿಂದೆ ವರ್ಷಗಟ್ಟಲೆ ತಯಾರಿ ಇತ್ತು.

ಪ್ರಶ್ನೆಯನ್ನೇ ತಿರುಗಿಸಿದ್ದು

1999ರ ಚುನಾವಣೆಯಲ್ಲಿ ಇವರಿಗೆ ಪೂರ್ತಿ ಬಹುಮತ ಇರಲಿಲ್ಲ. ಸ್ಪೇನಿನಲ್ಲಿ ಜನ ಮೇಯರನ್ನು ನೇರವಾಗಿ ಆರಿಸುವುದಿಲ್ಲ. ಸದಸ್ಯರನ್ನು ಆರಿಸುತ್ತಾರೆ, ಸದಸ್ಯರು ಸೇರಿ ಮೇಯರನ್ನು ಆರಿಸುತ್ತಾರೆ. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಸದಸ್ಯರ ಮತ ಬರದಿದ್ದರೆ, ಚುನಾವಣೆಯಲ್ಲಿ ಜನರಿಂದ ಹೆಚ್ಚು ಮತ ಪಡೆದ ಪಟ್ಟಿಯ ಮುಖ್ಯಸ್ಥರೇ ಮೇಯರ್. ಹಾಗಾಗಿ ಸಮಾಜವಾದಿಗಳು ಕೈ ಜೋಡಿಸಿದ್ದರಿಂದಲೇ ಇವರಿಗೆ ಗಾದಿ ಸಿಕ್ಕಿತು. ಬೇರೆಯವರ ಬೆಂಬಲದ ಮೇಲೆ ನಿಂತ ಹೊಸ ಮೇಯರ್, ತಲೆತಲಾಂತರದಿಂದ ಬೇರೆ ಪಕ್ಷಕ್ಕೆ ಒಗ್ಗಿದ ಊರು. ಇಂಥ ಹೊತ್ತಿನಲ್ಲಿ ಎರಡು ವರ್ಷ ನಿಧಾನಕ್ಕೆ ಹೋಗೋಣ ಎಂದು ಯಾರಿಗಾದರೂ ಅನಿಸುತ್ತದೆ.

ಮೊದಲು ಅವರು ಯೋಚಿಸಿದ್ದು ಸಂಚಾರ ಸುಧಾರಣೆ. ಯಾವ ರಸ್ತೆ ಏಕಮುಖ ಮಾಡೋಣ, ಸಿಗ್ನಲ್ ಎಲ್ಲಿಡೋಣ, ಪಾರ್ಕಿಂಗ್ ಎಲ್ಲಿ ಕೊಡೋಣ, ಇಂಥವು. ಎಷ್ಟು ತಿರುಗಿಸಿ ನೋಡಿದರೂ ಲೆಕ್ಕ ಕೂಡಲಿಲ್ಲ. ಬೀದಿ ಇರುವುದೇ ಅಷ್ಟು ಅಗಲ. ಕಾರಿಗೆ ಜಾಗ ಕೊಟ್ಟಷ್ಟೂ ಕಾರು ಬರುತ್ತದೆ.

ಆಗ ಅವರು ಪ್ರಶ್ನೆಯನ್ನೇ ಬದಲಾಯಿಸಿದರು. ಕಾರು ಸರಾಗವಾಗಿ ಹೋಗುವುದು ಹೇಗೆ ಎಂಬುದನ್ನು ಬಿಟ್ಟು, ಈ ಬೀದಿ ಯಾರದ್ದು ಎಂದು ಕೇಳಿಕೊಂಡರು. ಕಾರು ಒಬ್ಬರ ಸ್ವಂತ ಆಸ್ತಿ. ಬೀದಿ ಎಲ್ಲರ ಆಸ್ತಿ. ಕಾರು ಕೊಂಡ ಮಾತ್ರಕ್ಕೆ ಎಲ್ಲರ ಜಾಗದಲ್ಲಿ ಅದನ್ನು ಇಡೀ ದಿನ ನಿಲ್ಲಿಸುವ ಹಕ್ಕು ಬರುವುದಿಲ್ಲ. ಈ ಮಾತನ್ನು ಮೇಯರ್ ಮುಂದಿನ ಇಪ್ಪತ್ತು ವರ್ಷ ಹೋದ ಕಡೆಯಲ್ಲೆಲ್ಲ ಹೇಳಿದರು. ಈ ಪ್ರಕರಣದ ಮೊದಲ ತಿರುವು ಇಲ್ಲಿದೆ ಎನ್ನುವುದು ನನ್ನ ಅಭಿಪ್ರಾಯ. ರಸ್ತೆ ಮುಚ್ಚಿದ್ದು ಆಮೇಲಿನ ಮಾತು.

ಇದರ ಜೊತೆಗೆ ಇನ್ನೊಂದು ಲೆಕ್ಕ ಹಾಕಿದರು. ನಡು ಊರಿನಲ್ಲಿ ಓಡಾಡುವ ಕಾರುಗಳನ್ನು ಬಿಡಿಸಿ ನೋಡಿದರೆ ಮೂರು ಥರ. ಕೆಲವು ಊರನ್ನು ಸುಮ್ನೆ ದಾಟಿ ಹೋಗುವ ಕಾರು. ಕೆಲವು ಪಾರ್ಕಿಂಗ್ ಹುಡುಕುತ್ತಾ ಸುತ್ತು ಹೊಡೆಯುವ ಕಾರು. ಇನ್ನು ಕೆಲವಕ್ಕೆ ನಿಜವಾಗಿ ಅಲ್ಲಿ ಕೆಲಸ ಇರುತ್ತದೆ. ಅಂಗಡಿಗೆ ಸಾಮಾನು ತರುವ ವ್ಯಾನು, ಅಲ್ಲೇ ಮನೆಯೊಳಗೆ ಗ್ಯಾರೇಜ್ ಇರುವವರು, ಆಂಬುಲೆನ್ಸ್, ನಡೆಯಲು ಆಗದವರನ್ನು ಮನೆ ಬಾಗಿಲಿಗೆ ಬಿಡುವವರು. ಮೊದಲ ಎರಡು ಬೇಡ. ಮೂರನೆಯದು ಇರಲಿ. ಹೊರಗಿನವರು ಇದನ್ನು ಕಾರು ನಿಷೇಧಿಸಿದ ಊರು ಎಂದು ಕರೆಯುತ್ತಾರೆ. ಆದರೆ ಅಲ್ಲಿ ಇವತ್ತಿಗೂ ವ್ಯಾನು ಬರುತ್ತದೆ, ಟ್ಯಾಕ್ಸಿ ಬರುತ್ತದೆ. ಬೇಕಾದ ಕಾರು ಬರುತ್ತದೆ, ಸಾಮಾನು ಇಳಿಸುತ್ತದೆ, ಹೋಗುತ್ತದೆ. ನಿಲ್ಲುವುದಿಲ್ಲ, ಅಷ್ಟೇ.

ಮೊದಲ ತಿಂಗಳು

ಅಧಿಕಾರಕ್ಕೆ ಬಂದ ಒಂದು ತಿಂಗಳೊಳಗೆ ಹಳೇ ಊರಿನ 3,00,000 ಚದರ ಮೀಟರ್ ಜಾಗವನ್ನು ನಡೆಯುವವರಿಗೆ ಬಿಟ್ಟುಕೊಟ್ಟರು. ಪ್ರಾಯೋಗಿಕವಾಗಿ ಒಂದು ಬೀದಿ, ಒಂದು ಭಾನುವಾರ ಎನ್ನುವ ಮಾತೇ ಇರಲಿಲ್ಲ. ಹಳೇ ಊರಿಗೆ ಹಳೇ ಊರೇ.

ಇದು ದುಡುಕಲ್ಲವಾ? ನಾನು ಇದನ್ನು ತುಂಬಾ ಯೋಚಿಸಿದೆ. ಒಂದೇ ಬೀದಿ ಮುಚ್ಚಿದ್ದರೆ ಏನಾಗುತ್ತಿತ್ತು ಎಂದು ಊಹಿಸಿ. ಅಲ್ಲಿನ ಕಾರುಗಳೆಲ್ಲ ಪಕ್ಕದ ಬೀದಿಗೆ ನುಗ್ಗುತ್ತವೆ. ಪಕ್ಕದ ಬೀದಿಯವರು ಮರುದಿನವೇ ಪಾಲಿಕೆ ಮುಂದೆ ಬಂದು ನಿಲ್ಲುತ್ತಾರೆ. ಮುಚ್ಚಿದ ಬೀದಿಯ ಅಂಗಡಿಯವರಿಗೆ, ಗಿರಾಕಿಗಳು ಪಕ್ಕದ ಬೀದಿಗೆ ಹೋದರು ಎಂಬ ಸಿಟ್ಟು. ಎರಡೂ ಕಡೆ ಶತ್ರುಗಳು, ಯಾವ ಕಡೆಯೂ ಲಾಭ ಕಾಣುವುದಿಲ್ಲ. ಪ್ರಯೋಗ ಸೋತಿತು ಎಂದು ಎಲ್ಲರೂ ಹೇಳುತ್ತಾರೆ. ಇಡೀ ಪ್ರದೇಶವನ್ನು ಒಟ್ಟಿಗೆ ಮಾಡಿದ್ದರಿಂದ ಕಾರಿಗೆ ನುಗ್ಗಲು ಪಕ್ಕದ ಬೀದಿಯೇ ಇರಲಿಲ್ಲ. ಊರು ದಾಟುವವರು ಹೊರಗಿನ ರಸ್ತೆ ಹಿಡಿದರು.

ಇನ್ನೊಂದು ಕಾರಣ ರಾಜಕೀಯದ್ದು. ನಾಲ್ಕು ವರ್ಷದ ಅವಧಿಯ ಮೊದಲ ತಿಂಗಳು ಇದು. ಬೈಗುಳ ಎಲ್ಲ ಮೊದಲ ವರ್ಷದಲ್ಲೇ ಮುಗಿಯುತ್ತದೆ. ಮುಂದಿನ ಚುನಾವಣೆ ಬರುವ ಹೊತ್ತಿಗೆ ಜನ ಹೊಸ ಬೀದಿಯಲ್ಲಿ ಮೂರು ವರ್ಷ ಓಡಾಡಿರುತ್ತಾರೆ. ಮತ ಹಾಕುವಾಗ ಅವರು ಹೋಲಿಸುವುದು ಭಯವನ್ನಲ್ಲ, ಕಣ್ಣಾರೆ ಕಂಡದ್ದನ್ನು. ಇದೇ ಕೆಲಸವನ್ನು ಮೂರನೇ ವರ್ಷಕ್ಕೆ ಇಟ್ಟುಕೊಂಡಿದ್ದರೆ ಧೂಳು, ಅಗೆತ, ಸಿಟ್ಟು ಎಲ್ಲ ನೇರ ಮತಗಟ್ಟೆಗೆ ಹೋಗುತ್ತಿತ್ತು. ನಮ್ಮ ಪಾಲಿಕೆಗಳಲ್ಲಿ ಮೇಯರ್ ಗಾದಿ ವರ್ಷಕ್ಕೊಬ್ಬರಿಗೆ ಹೋಗುವುದನ್ನು ಬಹಳ ಕಾಲದಿಂದ ನೋಡಿದವರು ನಾವು. ಇಂಥ ಲೆಕ್ಕ ಹಾಕಲು ನಮ್ಮ ಮೇಯರುಗಳಿಗೆ ಕಾಲವೇ ಸಿಗುವುದಿಲ್ಲ. ಗಾದಿಗೆ ಬಂದು ಕಡತ ಅರ್ಥವಾಗುವಷ್ಟರಲ್ಲಿ ಬೀಳ್ಕೊಡುಗೆ.

ವಿರೋಧ ಬಂದೇ ಬಂತು. ಅಂಗಡಿಯವರದ್ದೇ ದೊಡ್ಡ ದನಿ. ಕಾರು ಬರದಿದ್ದರೆ ಗಿರಾಕಿ ಬರುವುದಿಲ್ಲ, ಬಾಗಿಲು ಹಾಕಿಕೊಂಡು ಹೋಗಬೇಕು ಎಂದರು. ಕಾರಿನವರು ತಮ್ಮ ಹಕ್ಕಿನ ಮಾತೆತ್ತಿದರು. ಅಂಗಡಿಯವರ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಅವರ ಹೊಟ್ಟೆಪಾಡು ಅದು, ಮೇಯರ್ ಲೆಕ್ಕ ತಪ್ಪಿದರೆ ಮೊದಲು ಮುಳುಗುವವರು ಅವರೇ.

ಇಲ್ಲಿ ಮೇಯರ್ ತಂಡ ಮಾಡಿದ ಎರಡನೇ ದೊಡ್ಡ ತೀರ್ಮಾನ ಬಂತು. ಊರ ಹೊರಗೆ ದೊಡ್ಡ ಮಾಲ್‌ಗಳಿಗೆ ಅನುಮತಿ ಕೊಡಲಿಲ್ಲ. ಇದು ಬೀದಿಯ ಕೆಲಸದಷ್ಟು ಎದ್ದು ಕಾಣುವುದಿಲ್ಲ. ಆದರೆ ಇದಿಲ್ಲದಿದ್ದರೆ ಆ ಬೀದಿಗಳು ಬರೀ ಪ್ರವಾಸಿಗರು ಫೋಟೊ ತೆಗೆದುಕೊಳ್ಳುವ ಜಾಗ ಆಗಿಬಿಡುತ್ತಿದ್ದವು. ಕಾರಿನವರು ನಡು ಊರು ಬಿಟ್ಟು ಹೊರಗಿನ ಮಾಲಿಗೆ ಹೋಗುತ್ತಿದ್ದರು, ಅಂಗಡಿಯವರು ಹೇಳಿದ್ದೇ ನಿಜವಾಗುತ್ತಿತ್ತು. ಬೀದಿ ಖಾಲಿ ಮಾಡಿಸಿದ ಪಾಲಿಕೆಯೇ ಗಿರಾಕಿ ಬೇರೆ ಕಡೆ ಹರಿಯದಂತೆ ನೋಡಿಕೊಂಡಿತು. ಸಣ್ಣ ಅಂಗಡಿಗಳು ಉಳಿದವು.

ಪಾರ್ಕಿಂಗನ್ನೂ ಹಾಗೇ ಕೈ ಬಿಡಲಿಲ್ಲ. ನಡು ಊರಿನಲ್ಲಿ ನೆಲದ ಮೇಲಿನ ಪಾರ್ಕಿಂಗ್ ಮುಚ್ಚಿ, ನೆಲದಡಿ ಪಾರ್ಕಿಂಗ್ ತೆರೆದರು. ಊರಿನ ಅಂಚಿನಲ್ಲಿ ಕಾಸಿಲ್ಲದ ಪಾರ್ಕಿಂಗ್ ಕೊಟ್ಟರು, 1,600ಕ್ಕೂ ಜಾಸ್ತಿ ಕಾರಿಗೆ. ಅಲ್ಲಿ ನಿಲ್ಲಿಸಿ ಹತ್ತು ಹದಿನೈದು ನಿಮಿಷ ನಡೆದರೆ ಊರಿನ ನಡು. ದುಡ್ಡು ಕೊಟ್ಟರೆ ಹತ್ತಿರ, ನಡೆದರೆ ಪುಕ್ಕಟೆ.

ನೆಲಕ್ಕೆ ಬಗ್ಗಿ ನೋಡಿದರೆ

ತೀರ್ಮಾನಗಳ ಮಾತು ಬಿಟ್ಟು ಒಂದು ಬೀದಿಯನ್ನು ಹತ್ತಿರದಿಂದ ನೋಡೋಣ. ಈ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಪೊಂಟೆವೆದ್ರದ ಇಂಥ ಬೀದಿಗಳಲ್ಲಿ ಫುಟ್‌ಪಾತ್ ಇಲ್ಲ. ರಸ್ತೆಯೂ ಇಲ್ಲ. ಈ ಕಡೆಯ ಗೋಡೆಯಿಂದ ಆ ಕಡೆಯ ಗೋಡೆವರೆಗೆ ಒಂದೇ ಮಟ್ಟದ ಗ್ರಾನೈಟ್ ಚಪ್ಪಡಿ ಹಾಸಿದ್ದಾರೆ. ಗಲಿಸಿಯಾದಲ್ಲಿ ಗ್ರಾನೈಟ್ ಮನೆ ಮಾತು. ಹಳೇ ಮನೆಗಳ ಗೋಡೆಯೂ ಅದೇ ಕಲ್ಲು. ಫುಟ್‌ಪಾತಿನ ಅಂಚುಕಲ್ಲು ಹೋದ ಕೂಡಲೇ ಮೂರು ಸಂಗತಿ ಒಟ್ಟಿಗೆ ಆಗುತ್ತವೆ. ಗಾಲಿಕುರ್ಚಿಯವರು, ಮಗುವಿನ ಗಾಡಿ ತಳ್ಳುವವರು, ಕೋಲು ಹಿಡಿದ ಅಜ್ಜಿ ಎಲ್ಲಿ ಬೇಕಾದರೂ ದಾಟಬಹುದು. ಕಾರಿನವನಿಗೆ ಇದು ನನ್ನ ದಾರಿ ಎಂದು ಹೇಳುವ ಗೆರೆಯೇ ಕಾಣುವುದಿಲ್ಲ. ಬಂದರೆ ನೆಂಟರ ಮನೆ ಅಂಗಳಕ್ಕೆ ಬಂದವನ ಹಾಗೆ ಮೆಲ್ಲಗೆ ಬರುತ್ತಾನೆ. ಮುಂದೆ ಯಾರಾದರೂ ಮಾತಾಡುತ್ತಾ ನಿಂತಿದ್ದರೆ ವ್ಯಾನು ಕಾಯುತ್ತದೆ. ಮೂರನೆಯದು, ಫಲಕ ಕಮ್ಮಿ ಸಾಕು. ನಿಯಮ ನೆಲದಲ್ಲೇ ಇದೆ.

ಹಳೇ ಊರಾದ ಮೇಲೆ ಪಕ್ಕದ ವ್ಯಾಪಾರದ ಬೀದಿಗಳಿಗೂ ಇದೇ ಕೆಲಸ ಹರಡಿತು. ಮಿಚೆಲೆನಾ, ಒಲಿವಾ, ಬೆನಿತೊ ಕೊರ್ಬಾಲ್ ಬೀದಿಗಳು ಊರಿನ ಮುಖ್ಯ ಪೇಟೆ. ಸಿಗ್ನಲ್ ದೀಪಗಳನ್ನು ತೆಗೆದು ವೃತ್ತಗಳನ್ನು ಮಾಡಿದರು. ಹೊರಗಿನ ಬಡಾವಣೆಗಳಲ್ಲಿ ಜನ ದಾಟುವ ಜಾಗವನ್ನೇ ಎತ್ತರಿಸಿ ಹಂಪ್‌ನಂತೆ ಕಟ್ಟಿದರು. 2010ರಲ್ಲಿ ಇಡೀ ಊರಿಗೆ ಗಂಟೆಗೆ 30 ಕಿಲೋಮೀಟರ್ ಮಿತಿ ಹಾಕಿದರು. ಸ್ಪೇನ್ ದೇಶ ಪೂರ್ತಿ ಊರುಗಳೊಳಗಿನ ಹೆಚ್ಚಿನ ಬೀದಿಗಳಿಗೆ ಇದೇ ಮಿತಿ ತಂದದ್ದು 2021ರಲ್ಲಿ. ಹನ್ನೊಂದು ವರ್ಷ ಮುಂಚೆಯೇ ಒಂದು ಸಣ್ಣ ಊರು ಮಾಡಿ ತೋರಿಸಿತ್ತು.

ಹೆಚ್ಚಿನ ಖರ್ಚು ಊರಿನ ಸ್ವಂತ ಬೊಕ್ಕಸದಿಂದಲೇ ಹೋಯಿತು. ಮೇಲಿನ ಸರಕಾರಗಳ ಕೈ ಕಾಯದೆ, ಒಂದೊಂದು ವರ್ಷ ಒಂದೊಂದು ಬೀದಿ ಎಂದು ನಿಧಾನಕ್ಕೆ ಮಾಡುತ್ತಾ ಹೋದರು. ದೀರ್ಘ ಅವಧಿ ನಿಜವಾಗಿ ಕೆಲಸಕ್ಕೆ ಬಂದದ್ದು ಇಲ್ಲೇ. ಮೊದಲ ಹೆಜ್ಜೆಗೆ ಧೈರ್ಯ ಸಾಕು, ಕೊನೆಯ ಬೀದಿವರೆಗೆ ಅದೇ ಗುಣಮಟ್ಟದ ಕಲ್ಲು ಹಾಸಲು ಇಪ್ಪತ್ತು ವರ್ಷ ಬೇಕು.

2011ರಲ್ಲಿ ಇನ್ನೊಂದು ಸಣ್ಣ ವಸ್ತು ಬಂತು. ಅದರ ಹೆಸರು ಮೆಟ್ರೊಮಿನುಟೊ. ನೋಡಲು ಮೆಟ್ರೊ ರೈಲಿನ ನಕ್ಷೆ. ಬಣ್ಣಬಣ್ಣದ ಗೆರೆಗಳು, ನಡುವೆ ದುಂಡನೆಯ ನಿಲ್ದಾಣಗಳು. ಊರಿನಲ್ಲಿ ಮೆಟ್ರೊ ಇಲ್ಲವೇ ಇಲ್ಲ. ನಿಲ್ದಾಣಗಳು ಊರಿನ ಚೌಕ, ರೈಲ್ವೆ ಸ್ಟೇಷನ್, ಆಸ್ಪತ್ರೆ, ಪಾರ್ಕಿಂಗ್ ಜಾಗ. ಗೆರೆಯ ಮೇಲೆ ಬರೆದಿರುವುದು ನಡೆದು ಹೋಗಲು ಎಷ್ಟು ನಿಮಿಷ ಎಂದು. ಗಂಟೆಗೆ ಸುಮಾರು 5 ಕಿಲೋಮೀಟರ್ ನಡಿಗೆ ಎಂದು ಲೆಕ್ಕ ಹಿಡಿದಿದ್ದಾರೆ. ನಮಗೆ ದೂರ ಅನಿಸುವ ಎಷ್ಟೋ ಜಾಗ ನಿಜವಾಗಿ ಎಂಟು ನಿಮಿಷ, ಹನ್ನೊಂದು ನಿಮಿಷ. ಕಾರು ಬೇಕು ಎನ್ನುವುದು ಎಷ್ಟೋ ಸಲ ದೂರದ ಬಗ್ಗೆ ತಪ್ಪು ಅಂದಾಜು ಅಷ್ಟೇ. ಕಾಗದ, ಮುದ್ರಣದ ಖರ್ಚಿನಲ್ಲಿ ಆ ಅಂದಾಜನ್ನು ತಿದ್ದಿದರು. ಆಮೇಲೆ ಬೇರೆ ಬೇರೆ ದೇಶಗಳ ಎಷ್ಟೋ ಊರು ಇಂಥದೇ ನಕ್ಷೆ ಮಾಡಿಕೊಂಡವು.

ಮಕ್ಕಳು ನಡೆದು ಶಾಲೆಗೆ ಹೋಗುವ ದಾರಿಗಳನ್ನೂ ಗುರುತಿಸಿದರು. ದಾರಿಯಲ್ಲಿನ ಅಂಗಡಿಯವರು ಅದಕ್ಕೆ ಕೈ ಜೋಡಿಸಿದರು. ಮಗುವಿಗೆ ಏನಾದರೂ ತೊಂದರೆಯಾದರೆ ಆ ಅಂಗಡಿಗೆ ಹೋಗಬಹುದು. ವರ್ಷಗಳ ಹಿಂದೆ ಬೀದಿ ಮುಚ್ಚಬೇಡಿ ಎಂದು ದನಿ ಎತ್ತಿದ್ದ ಅದೇ ವರ್ಗದ ಜನ ಈಗ ಬೀದಿಯ ಕಾವಲಿಗೆ ನಿಂತರು. ಈ ಪ್ರಕರಣದಲ್ಲಿ ಸದ್ದಿಲ್ಲದೆ ಆದ ತಿರುವು ಇದು.

ಏನು ಸಿಕ್ಕಿತು

1996ರಿಂದ 2006ರವರೆಗೆ ಈ ಬೀದಿಗಳಲ್ಲಿ 30 ಜನ ಅಪಘಾತದಲ್ಲಿ ಸತ್ತಿದ್ದರು. ಮುಂದಿನ ಹತ್ತು ವರ್ಷದಲ್ಲಿ ಸತ್ತವರು 3 ಜನ. ಉಳಿದ ಅಂಕಿಗಳನ್ನೆಲ್ಲ ಬದಿಗಿಟ್ಟರೂ ನನಗೆ ಇದೊಂದು ಸಾಕು. ಅಷ್ಟು ಮನೆಗಳಿಗೆ ಆ ಸುದ್ದಿ ಬರಲಿಲ್ಲ.

ಇಂಗಾಲದ ಡೈಆಕ್ಸೈಡ್ ಹೊರಬೀಳುವುದು ಶೇ. 70ರಷ್ಟು ಇಳಿಯಿತು ಎಂದು ಪಾಲಿಕೆ ಹೇಳುತ್ತದೆ. ಸುತ್ತಲಿನ ಊರುಗಳಲ್ಲಿ ಜನ ಕಮ್ಮಿಯಾಗುತ್ತಿದ್ದರೆ ಇಲ್ಲಿ ನಡು ಊರಿಗೆ ಸುಮಾರು 12,000 ಹೊಸ ಜನ ಬಂದರು ಎನ್ನುವುದೂ ಪಾಲಿಕೆಯದೇ ಲೆಕ್ಕ. ಪಾಲಿಕೆ ತನ್ನ ಕೆಲಸದ ಬಗ್ಗೆ ತಾನೇ ಕೊಡುವ ಅಂಕಿ ಇವು, ಅದನ್ನು ನೆನಪಿಟ್ಟುಕೊಂಡು ಓದಬೇಕು. ಹೊರಗಿನವರ ಮಾತೂ ಇದೆ. ವಿಶ್ವಸಂಸ್ಥೆಯ ವಸತಿ ಸಂಸ್ಥೆ ಕೈ ಜೋಡಿಸಿ ಕೊಡುವ ದುಬೈ ಪ್ರಶಸ್ತಿ 2014ರಲ್ಲಿ ಬಂತು. ಯುರೋಪಿಯನ್ ಕಮಿಷನ್ ಊರುಗಳ ರಸ್ತೆ ಸುರಕ್ಷತೆಗೆ ಒಂದು ಪ್ರಶಸ್ತಿ ಶುರು ಮಾಡಿ, 2020ರಲ್ಲಿ ಮೊದಲ ಬಾರಿಗೆ ಅದನ್ನು ಪೊಂಟೆವೆದ್ರಕ್ಕೆ ಕೊಟ್ಟಿತು.

ದೂರುಗಳು ಪೂರ್ತಿ ಹೋಗಲಿಲ್ಲ. ಊರಿನ ಅಂಚಿನ ರಸ್ತೆಗಳಲ್ಲಿ ದಟ್ಟಣೆ ಜಾಸ್ತಿಯಾಯಿತು ಎನ್ನುವವರಿದ್ದಾರೆ. ಪಾರ್ಕಿಂಗ್ ಸಾಲದು ಎನ್ನುವವರೂ ಇದ್ದಾರೆ. ಇದನ್ನು ಸುಳ್ಳು ಎಂದು ತಳ್ಳಿಹಾಕುವಂತಿಲ್ಲ. ನಡು ಊರಿನಿಂದ ಹೊರಹಾಕಿದ ಕಾರು ಎಲ್ಲೋ ಒಂದು ಕಡೆ ಹೋಗಲೇಬೇಕು. ಇನ್ನೊಂದು, ಊರು ಚಿಕ್ಕದು. ಈ ತುದಿಯಿಂದ ಆ ತುದಿಗೆ 25 ನಿಮಿಷದಲ್ಲಿ ನಡೆದು ಹೋಗಬಹುದು. ಹತ್ತು ಕಿಲೋಮೀಟರ್ ದೂರದಿಂದ ಕೆಲಸಕ್ಕೆ ಬರುವ ಊರಿಗೆ ಇದನ್ನು ಹಾಗೇ ಎತ್ತಿ ಇಡಲು ಬರುವುದಿಲ್ಲ. ಅಂಥ ಊರಿಗೆ ಮೊದಲು ಬಸ್ಸು ಬೇಕು. ಆದರೆ ದೊಡ್ಡ ಊರಿನೊಳಗೂ ಪೊಂಟೆವೆದ್ರದಷ್ಟು ಅಗಲದ ಪೇಟೆಗಳಿರುತ್ತವೆ. ಅಲ್ಲಿಗೆ ಈ ಪಾಠದ ಬಹುಪಾಲು ಹೊಂದುತ್ತದೆ.

ಮೇಯರ್ ಕೈಗೆ ಸಿಗದ ಕಾರ್ಖಾನೆ

ಇಷ್ಟರಲ್ಲೇ ನಿಲ್ಲಿಸಿದರೆ ಪ್ರಕರಣ ಅರ್ಧ ಹೇಳಿದಂತೆ. ಇದೇ ಮೇಯರ್ ವರ್ಷಗಟ್ಟಲೆ ಹೋರಾಡಿ ಸೋತ ಒಂದು ವಿಷಯವಿದೆ.

ಊರಿನ ಪಕ್ಕ ಲೊರಿಸಾನ್‌ನಲ್ಲಿ ಸಮುದ್ರದ ಹಿನ್ನೀರಿನ ದಡದಲ್ಲೇ ಒಂದು ಕಾಗದದ ತಿರುಳಿನ ಕಾರ್ಖಾನೆ ಇದೆ. ದೇಶ ಒಬ್ಬ ಸರ್ವಾಧಿಕಾರಿಯ ಕೈಯಲ್ಲಿದ್ದ ಕಾಲದಲ್ಲಿ, 1950ರ ದಶಕದ ಕೊನೆಗೆ, ಸಾರ್ವಜನಿಕ ದಡದ ಮೇಲೆ ಅದಕ್ಕೆ ಜಾಗ ಕೊಟ್ಟಿದ್ದರು. ವಾಸನೆ, ಹಿನ್ನೀರಿನ ಮಾಲಿನ್ಯ, ಮೀನು ಚಿಪ್ಪು ಹಿಡಿಯುವವರ ಕಷ್ಟ ಒಂದು ಕಡೆ. ಕಾರ್ಖಾನೆಯಲ್ಲಿ, ಸುತ್ತಲಿನ ನೀಲಗಿರಿ ಮರದ ವ್ಯಾಪಾರದಲ್ಲಿ ದುಡಿಯುವವರ ಹೊಟ್ಟೆಪಾಡು ಇನ್ನೊಂದು ಕಡೆ. ಮೇಯರ್ ಮೊದಲಿನಿಂದಲೂ ಕಾರ್ಖಾನೆ ಅಲ್ಲಿಂದ ಹೋಗಬೇಕು ಎನ್ನುವವರು.

2016ರ ಜನವರಿಯಲ್ಲಿ, ಹೊಸ ಸರಕಾರ ಇನ್ನೂ ಆಗದೆ ಹಂಗಾಮಿಯಾಗಿದ್ದ ಕೇಂದ್ರ ಸರಕಾರ ಕಾರ್ಖಾನೆಯ ಅನುಮತಿಯನ್ನು 2073ರವರೆಗೆ ಮುಂದುವರಿಸಿತು. ಆಗಿನ ಪ್ರಧಾನಿ ಇದೇ ಊರಿನಲ್ಲಿ ಬೆಳೆದವರು ಎಂದು ಆಗಲೇ ಹೇಳಿದೆನಲ್ಲ. ಊರಿನ ಪಾಲಿಕೆ ಅವರನ್ನು ಊರಿಗೆ ಬೇಡವಾದ ವ್ಯಕ್ತಿ ಎಂದು ನಿರ್ಣಯ ಮಾಡಿತು. ಸಿಟ್ಟು ಅರ್ಥವಾಗುತ್ತದೆ. ಆದರೆ ಅದರಿಂದ ಕಾರ್ಖಾನೆಯ ಒಂದು ಇಟ್ಟಿಗೆಯೂ ಅಲುಗಲಿಲ್ಲ. ಕೆಲಸ ನ್ಯಾಯಾಲಯದಲ್ಲಿ ನಡೆಯಬೇಕಿತ್ತು. 2021ರಲ್ಲಿ ರಾಷ್ಟ್ರೀಯ ನ್ಯಾಯಾಲಯ ಆ ಅನುಮತಿಯನ್ನು ರದ್ದು ಮಾಡಿತು. ಗೆದ್ದೆವು ಎಂದುಕೊಂಡರು. 2023ರ ಆರಂಭದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, 2073ರವರೆಗಿನ ಅನುಮತಿ ಸರಿ ಎಂದಿತು.

ಬೀದಿ ಮತ್ತು ಕಾರ್ಖಾನೆ, ಎರಡರಲ್ಲೂ ಅದೇ ಮೇಯರ್, ಅದೇ ಹಟ, ಅಷ್ಟೇ ವರ್ಷ. ಒಂದು ಗೆದ್ದಿತು, ಒಂದು ಸೋತಿತು. ವ್ಯತ್ಯಾಸ ಇರುವುದು ಸಹಿ ಯಾರ ಕೈಯಲ್ಲಿದೆ ಎಂಬುದರಲ್ಲಿ. ಬೀದಿಯ ಮೇಲೆ ಪಾಲಿಕೆಗೆ ಅಧಿಕಾರವಿತ್ತು, ದುಡ್ಡೂ ಇತ್ತು. ಸಮುದ್ರ ದಡ ಕೇಂದ್ರ ಸರಕಾರದ್ದು. ನಾಯಕರ ಬದುಕನ್ನು ಬರೆಯುವವರು ಎಲ್ಲವನ್ನೂ ಅವರ ಗುಣಕ್ಕೆ ಕಟ್ಟಿಬಿಡುತ್ತಾರೆ. ಈ ಎರಡು ಹೋರಾಟಗಳನ್ನು ಪಕ್ಕಪಕ್ಕ ಇಟ್ಟರೆ ಗುಣದ ಪಾಲು ಎಷ್ಟು, ಅಧಿಕಾರದ ಗಡಿಯ ಪಾಲು ಎಷ್ಟು ಎಂದು ಸ್ಪಷ್ಟವಾಗಿ ಕಾಣುತ್ತದೆ.

ಮತಪೆಟ್ಟಿಗೆ ಹೇಳಿದ್ದು

ಅವರ ಚುನಾವಣೆಗಳ ದಾರಿ ನೇರವಾಗಿಲ್ಲ. ಹೆಚ್ಚಿನ ಅವಧಿಗಳಲ್ಲಿ ಸಮಾಜವಾದಿಗಳ ಜೊತೆ ಸೇರಿಯೇ ಆಡಳಿತ ನಡೆಸಿದರು. 2015ರಲ್ಲಿ ಮಾತ್ರ 25 ಸ್ಥಾನಗಳಲ್ಲಿ 12 ಅವರ ಪಕ್ಷಕ್ಕೇ ಬಂತು. ಬಹುಮತಕ್ಕೆ ಒಂದೇ ಒಂದು ಕಮ್ಮಿ. ಬೀದಿಯ ಕೆಲಸ ಶುರುವಾಗಿ ಹದಿನಾರು ವರ್ಷವಾದ ಮೇಲೆ ಅವರ ಜನಪ್ರಿಯತೆಯ ಶಿಖರ ಬಂತು ಎನ್ನುವುದನ್ನು ಗಮನಿಸಿ. ಒಳ್ಳೆ ಕೆಲಸಕ್ಕೆ ಮತ ಬರುತ್ತದೆ, ಆದರೆ ಅದು ಬರುವ ವೇಗ ಇಷ್ಟು ನಿಧಾನ.

2023ರಲ್ಲಿ ಗಾಳಿ ತಿರುಗಿತು. ಬಲಪಂಥೀಯ ಪಕ್ಷಕ್ಕೆ 11, ಇವರಿಗೆ 9, ಸಮಾಜವಾದಿಗಳಿಗೆ 5. ಅತಿ ದೊಡ್ಡ ಪಕ್ಷ ಅವರದ್ದಲ್ಲ. ಸಮಾಜವಾದಿಗಳ ಮತ ಬಿದ್ದಿದ್ದರಿಂದ ಏಳನೇ ಸಲ ಮೇಯರ್ ಆದರು. 1999ರಲ್ಲಿ ಹುಟ್ಟಿದ ಮಗು 2019ರಲ್ಲಿ ಮೊದಲ ಸಲ ಪಾಲಿಕೆಗೆ ಮತ ಹಾಕಿತು. ಅದಕ್ಕೆ ಬೇರೆ ಮೇಯರ್ ಗೊತ್ತೇ ಇಲ್ಲ. 14,000 ಕಾರು ಓಡುತ್ತಿದ್ದ ಬೀದಿಯನ್ನೂ ಅದು ನೋಡಿಲ್ಲ. ಖಾಲಿ ಚೌಕ ಅದಕ್ಕೆ ಸಾಧನೆಯಲ್ಲ, ಊರು ಇರುವುದೇ ಹಾಗೆ. ಹಾಗಾಗಿ ಆ ಚೌಕದ ನೆನಪಿನ ಮೇಲೆ ಅದರ ಮತ ಕೇಳಲು ಬರುವುದಿಲ್ಲ. ಅದು ಕೇಳುವುದು ಬಾಡಿಗೆ, ಕೆಲಸ, ಮನೆ.

ಒಬ್ಬರೇ ಇಷ್ಟು ವರ್ಷ ಕೂರುವುದು ಸರಿಯಾ ಎನ್ನುವ ಪ್ರಶ್ನೆ ನನಗೂ ಇದೆ. ಊರಿನ ಒಳ್ಳೆಯ ಕೆಲಸ ಒಬ್ಬರ ಮುಖಕ್ಕೆ ಅಂಟಿಕೊಂಡರೆ, ಅವರು ಹೋದ ದಿನ ಕೆಲಸವೂ ಅಲುಗಾಡುತ್ತದೆ. ಜೊತೆಗಿದ್ದವರು ನೆರಳಲ್ಲೇ ವಯಸ್ಸಾಗುತ್ತಾರೆ. ಈ ಮೇಯರ್ ಆ ಸಮಸ್ಯೆಗೆ ಉತ್ತರ ಕೊಟ್ಟಿದ್ದಾರೆ ಎಂದು ನನಗೆ ಅನಿಸಿಲ್ಲ. ಆದರೆ ಬೀದಿಗಳ ವಿಷಯದಲ್ಲಿ ಒಂದು ಬಂದೋಬಸ್ತು ಆಗಿದೆ. ಅವರು ಬರೀ ಆದೇಶ ಹೊರಡಿಸಿ, ಫಲಕ ನೆಟ್ಟು ಬಿಟ್ಟಿದ್ದರೆ ಮುಂದೆ ಬರುವವರು ಒಂದು ಸಹಿಯಿಂದ ಎಲ್ಲ ತಿರುಗಿಸಬಹುದಿತ್ತು. ಈಗ ಬೀದಿಗೆ ಕಾರು ವಾಪಸ್ ತರಬೇಕಾದರೆ ಗ್ರಾನೈಟ್ ಕಿತ್ತು, ಅಂಚುಕಲ್ಲು ಕಟ್ಟಿ, ಸಿಗ್ನಲ್ ನಿಲ್ಲಿಸಬೇಕು. ಅದಕ್ಕೆ ಬಜೆಟ್ಟಿನಲ್ಲಿ ದುಡ್ಡು ತೋರಿಸಿ 25 ಜನರ ಸಭೆಯಲ್ಲಿ ವಿರೋಧಕ್ಕಿಂತ ಜಾಸ್ತಿ ಕೈ ಎತ್ತಿಸಬೇಕು. ಅದೂ ಬೀದಿಯ ಅಂಗಡಿಯವರೆಲ್ಲ ಗ್ಯಾಲರಿಯಲ್ಲಿ ಕೂತು ನೋಡುತ್ತಿರುವಾಗ.